ಪಾರ್ವತಿಬಾಯಿಯ ಬಾವಿ

ಸ್ನೇಹಲತಾ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಗಾಳಿ ಬುಸುಗುಟ್ಟಿತೇ ಹೊರತು ನೀರು ಬರಲಿಲ್ಲ. ಒಳಗೆ ಗೋಡೆಗೊರಗಿಸಿ ಕೂಡಿಸಿದ್ದ ತಾಯಿಗೆ ಕಡೆಯ ಸ್ನಾನ ಆಗಬೇಕಿತ್ತು.

"ಟ್ಯಾಂಕರಿನಂವ ಸಂಜೀಕ ಬರ್ತಾನಂತ," ಎಂದ ಕಲಬುರಗಿಯಿಂದ ಬಂದಿದ್ದ ಸೋದರಮಾವನ ಮಗ ಮಲ್ಲಿಕಾರ್ಜುನ. "ಓಣ್ಯಾಗ ಯಾರನ್ನರೆ ಕೇಳೋಣೇನು?"

"ಯಾವ ಮುಖ ಇಟ್ಕೊಂಡು ಕೇಳ್ಲಿ? ಅವ್ವನ ಜೋಡಿ ಒಬ್ಬರೂ ಮಾತಾಡ್ತಿದ್ದಿಲ್ಲ."

ನಾರಾಯಣಗೂಡದ ಆ ಓಣಿಯ ಚರಿತ್ರೆಯನ್ನು ಮನೆ ಮನೆ ತಿರುಗಿ ಕೇಳಿ ಬರೆದವರು ಅವಳ ತಾಯಿ ಪಾರ್ವತಿಬಾಯಿ. ಓಣಿಯವರೇ ಅವರೊಡನೆ ಮಾತು ಬಿಟ್ಟಿದ್ದರು.

*

ಕೆಲವು ವರ್ಷಗಳ ಹಿಂದೆ, ಬಾವಿ ಮುಚ್ಚಲು ಮಣ್ಣಿನ ಲಾರಿ ಬಂದ ದಿನ, ಪಾರ್ವತಿಬಾಯಿ ಓಣಿಯ ಹಳೆಯ ಮೆಟ್ಟಿಲಬಾವಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಾವಿಯ ತುಂಬ ಕಸ, ಸೊಳ್ಳೆ.

"ಏಳ್ರಿ ಅಕ್ಕಾರ," ಎಂದ ಎದುರುಮನೆಯ ಕಿರಾಣಿ ಅಂಗಡಿಯ ಚನ್ನಬಸಪ್ಪ. "ಇದನ್ನ ಮುಚ್ಚಿದ್ರ ಗಾಡಿ ನಿಲ್ಸಾಕ ಜಾಗ ಆಗತೈತಿ."

"ನಿಮ್ಮಜ್ಜ ಬೀದರಿಂದ ಬಂದಾಗ ಇದರ ನೀರಽ ಕುಡದಾನಪ್ಪ. ಹಾಕೂದಿದ್ರ ಮೊದಲು ನನ್ನ ಮ್ಯಾಲೆ ಹಾಕ್ರಿ ಮಣ್ಣು."

ಲಾರಿ ತಿರುಗಿ ಹೋಯಿತು. ಅಂದಿನಿಂದ ಚನ್ನಬಸಪ್ಪ ಅವರತ್ತ ನೋಡಲೂ ಇಲ್ಲ. ಅವರು ಕಚೇರಿಗಳಿಗೆ ಅಲೆದರು, ಕೂಲಿಯವರನ್ನು ಹಚ್ಚಿ ಹೂಳು ತೆಗೆಸಿದರು. ನೀರಿನ ಸೆಲೆ ಒಡೆದಾಗ ಮಗಳ ಕೈ ಹಿಡಿದು ಚಿಕ್ಕ ಹುಡುಗಿಯಂತೆ ನಕ್ಕಿದ್ದರು. ಆಮೇಲೆ ಬಾವಿ ನೋಡಲು ಯಾರೇ ಬಂದರೂ ಕಲ್ಲಿನ ಮೇಲಿನ ಹಗ್ಗದ ಗೆರೆ ಮುಟ್ಟಿಸಿ ಅದರ ಕತೆ ಹೇಳುತ್ತಿದ್ದರು, ಎದುರಿನ ಅಂಗಡಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಆದರೆ ಆ ನೀರನ್ನು ಬಳಕೆಗೆ ಯಾರೂ ಸೇದುತ್ತಿರಲಿಲ್ಲ.

*

ಬಾಗಿಲಲ್ಲಿ ಕೊಡ ಇಟ್ಟ ಸದ್ದಾಯಿತು. ನೋಡಿದರೆ ಚನ್ನಬಸಪ್ಪ, ಹೆಗಲೆಲ್ಲ ಒದ್ದೆ.

"ಬಾವೀದವ್ವ. ಸೋಸೀನಿ. ಓಣಿ ಮಂದಿ ಇನ್ನೂ ತರಾಕತ್ತಾರ."

ತಾಯಿ ಹಾಸಿಗೆ ಹಿಡಿದಾಗಿನಿಂದ ಎದೆಯಲ್ಲಿದ್ದ ಭಯ ಸ್ನೇಹಲತಾಳ ಬಾಯಿಗೆ ಬಂತು. "ಕಾಕಾ, ಅವ್ವ ಹೋದ್ಲು. ಇನ್ನ ಬಾವಿ ಮುಚ್ಚತೀರೇನ್ರಿ?"

ಅವನು ಕೊಡದ ಕಂಠ ಒರೆಸಿದ. "ಮುಚ್ಚಿದ್ರ ನಾಳೆ ನಾ ಸತ್ತಾಗ ನನಗ ಎಲ್ಲೀ ನೀರು ಹಾಕ್ತಾರ?"

ಸ್ನೇಹಲತಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಅತ್ತಷ್ಟೂ ಎದೆ ಹಗುರಾಯಿತು.

ಮಣ್ಣು ಮಾಡಿ ಬಂದ ಗಂಡಸರು ಸ್ನಾನಕ್ಕೆ ಬಾವಿಗೇ ಇಳಿದರು. ಅವಳು ಒಣ ಟವೆಲ್ ಹಿಡಿದು ಹೋದಾಗ ಚನ್ನಬಸಪ್ಪ ಒದ್ದೆ ಪಂಚೆಯಲ್ಲೇ ಬಾವಿಯಂಚಿಗೆ ಬಗ್ಗಿ ನಿಂತಿದ್ದ.

"ಮುಟ್ಟಿ ನೋಡ್ರಿ," ಎಂದು ಮಲ್ಲಿಕಾರ್ಜುನನಿಗೆ ಕಲ್ಲು ತೋರಿಸುತ್ತಿದ್ದ. "ಹಗ್ಗ ಜಗ್ಗಿ ಜಗ್ಗಿ ಬಿದ್ದ ಗೆರಿ ಇವು."

ಮಲ್ಲಿಕಾರ್ಜುನನ ಬೆರಳು ಆ ನುಣುಪಾದ ಗೆರೆಯೊಳಗೆ ಮೆಲ್ಲಗೆ ಸರಿಯಿತು.