ಉದ್ದ ತೋಳಿನ ಅಂಗಿ

ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ದೊಡ್ಡ ಮಾಸ್ಟರ್ ಗಿರಾಕಿಯೊಬ್ಬರ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಕಣ್ಣಿಗೆ ಕನ್ನಡಕವಿಲ್ಲ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣನ್ನು ಬೆರಳಿನಿಂದ ತಡವಿ ತಡವಿ ಪೋಣಿಸುತ್ತಿದ್ದರು. ಸೊಸೆ ಮೆಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಮಗ ಬಟ್ಟೆ ಕತ್ತರಿಸುವ ಮೇಜಿನ ಹಿಂದಿನಿಂದ ಓರೆಗಣ್ಣಲ್ಲಿ ಅಪ್ಪನನ್ನೇ ನೋಡುತ್ತಿದ್ದ. ಕೊನೆಗೂ ದಾರ ಸೂಜಿಗೆ ಏರಿತು. ಕಣ್ಣು ಕಾಣದಿದ್ದರೂ ಈ ಕೈ ಸೋಲುವುದಿಲ್ಲವಲ್ಲ ಎಂದು ಮಗನ ಹೊಟ್ಟೆ ಉರಿಯಿತು.

ಆ ಉರಿ ಹಳೆಯದು. ಅಂಗಡಿ ಈಗ ಅವನದೇ, ಅವನ ತಲೆಯೂ ನರೆಯುತ್ತಿದೆ. ಆದರೂ ಬಂದವರು ಬಾಗಿಲಲ್ಲೇ ಕತ್ತು ಚಾಚಿ, "ದೊಡ್ಡ ಮಾಸ್ಟರ್ ಇಲ್ವಾ? ನನ್ನ ಕೋಟು ಅವರೇ ಕತ್ತರಿಸಲಿ ಕಣಪ್ಪ" ಅನ್ನುತ್ತಿದ್ದರು. ಹೋದ ವಾರ ಒಬ್ಬರು ಹಾಗಂದು ಹೋದ ಮೇಲೆ ಮಗ ಅಪ್ಪನ ತೋಳು ಹಿಡಿದು, ಮೇಜಿನ ಬಳಿಯಿಂದ ದರದರ ಎಳೆದು ಮೂಲೆಗೆ ಕೂರಿಸಿದ್ದ. ಅದು ಮೊದಲ ಸಲವೇನೂ ಅಲ್ಲ.

ಅಷ್ಟರಲ್ಲಿ ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ, ತಾವು ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಬಂದರು. ಹೆಗಲ ಚೀಲದಲ್ಲಿ ಬಿಪಿ ನೋಡುವ ಯಂತ್ರವಿತ್ತು.

"ಏನ್ ಮಾಸ್ಟರ್, ಈ ಸೆಖೇಲಿ ತುಂಬು ತೋಳಿನ ಅಂಗಿ? ಮದುಮಗನ ಹಾಗೆ ಕಾಣ್ತಿದ್ದೀರಿ!"

ಮಗ ನಕ್ಕ. "ಸರಿಯಾಗಿ ನೋಡಿ ನರ್ಸಮ್ಮ, ತೋಳು ಬೆರಳಿನ ತನಕ ಬಂದಿದೆ. ಊರೆಲ್ಲ ಹೊಗಳೋ ಕೈ ಇದು, ತನ್ನ ಅಂಗಿಗೇ ಅಳತೆ ತಪ್ಪಿದೆ!" ಆ ತಪ್ಪು ಕಣ್ಣಿಗೆ ಬಿದ್ದಂದಿನಿಂದ ಅವನು ಅದನ್ನು ಬೆಲ್ಲದ ಹಾಗೆ ಚಪ್ಪರಿಸುತ್ತಿದ್ದ.

"ಅವರು ಅಳತೆ ತಪ್ಪೋರಲ್ಲ. ಎಲ್ಲಿ, ಕೈ ಕೊಡಿ, ಬಿಪಿ ನೋಡೋಣ."

"ಬೇಡ ಕಣಮ್ಮ" ಎನ್ನುವಷ್ಟರಲ್ಲಿ ನರ್ಸಮ್ಮ ತೋಳು ಮಡಚಿಯಾಗಿತ್ತು. ಮಣಿಕಟ್ಟಿನಲ್ಲಿ ಹಳದಿಗಟ್ಟಿದ ಕಲೆ. ಮೇಲೆ ನಾಲ್ಕು ಬೆರಳಿನ ನೀಲಿ ಗುರುತು.

"ಬಿದ್ದೆ" ಅಂದರು ದೊಡ್ಡ ಮಾಸ್ಟರ್.

"ನೆಲಕ್ಕೂ ಬೆರಳಿರತ್ತಾ ಅಜ್ಜಾ?" ಅಂದರು ನರ್ಸಮ್ಮ.

ಮಗನ ನಗು ಇಂಗಿತು. ಅಪ್ಪನ ಕೈ ಅಳತೆ ತಪ್ಪಿರಲಿಲ್ಲ. ಮಗನ ಕೈಯ ಗುರುತು ಮುಚ್ಚಲೆಂದೇ ತೋಳು ಉದ್ದ ಬಿಟ್ಟಿತ್ತು. ಆದರೂ ಅವನು ಬಿಡಲಿಲ್ಲ. "ಮನೆ ವಿಷಯ ಬಿಡಿ. ಹೆಂಗಸರೋ ಮಕ್ಕಳೋ ಆದ್ರೆ ನೋಯತ್ತೆ ಅನ್ನಬಹುದು, ಗಂಡಸಿಗೆ ಇಷ್ಟಕ್ಕೆಲ್ಲ ಏನಾಗತ್ತೆ?"

"ಎಲ್ಲರೂ ಹೀಗಂತಾರೆ, ಅದಕ್ಕೇ ಅವರು ಬಾಯಿ ಬಿಡಲ್ಲ. ಮಗನ ಕೈಲಿ ಪೆಟ್ಟು ತಿಂದೆ ಅಂತ ಯಾವ ಅಪ್ಪ ಹೇಳ್ಕೋತಾನೆ? ಒಳಗೇ ನುಂಗ್ತಾರೆ. ನಿದ್ದೆ ಹೋಗತ್ತೆ, ಊಟ ಸೇರಲ್ಲ, ಬಿಪಿ ಏರತ್ತೆ. ಇದು ಬರೀ ಮನೆ ವಿಷಯ ಅಲ್ಲಪ್ಪ, ಆರೋಗ್ಯದ ವಿಷಯ. ಹೊಡೆಯೋದೊಂದೇ ಅಲ್ಲ, ನಾಲ್ಕು ಜನರ ಮುಂದೆ ಹೀಯಾಳಿಸೋದೂ ಹಿಂಸೆನೇ. ಅಂದ ಹಾಗೆ ಇವರ ಕನ್ನಡಕ ಎಲ್ಲಿ?"

ಸೊಸೆ ಎದ್ದಳು. ಮೇಜಿನ ಡ್ರಾಯರ್ ಎಳೆದು, ಗಂಡ ಬಚ್ಚಿಟ್ಟಿದ್ದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮಾವನ ಕೈಗಿಟ್ಟಳು.

ಮಗ ಕತ್ತರಿ ಕೆಳಗಿಟ್ಟ. "ಬಂದೋರೆಲ್ಲ ಇವರನ್ನೇ ಕೇಳ್ತಾರೆ ನರ್ಸಮ್ಮ. ನನಗೆ ತಡಕೊಳ್ಳೋಕಾಗಲ್ಲ."

"ಉರಿ ನಿಮ್ಮದು, ಬೊಬ್ಬೆ ಅವರ ಮೈಮೇಲೆ ಯಾಕೆ? ಸಿಟ್ಟು ಬಂದಾಗ ಅಂಗಡಿಯಿಂದ ಆಚೆ ನಡೀರಿ. ಆರೋಗ್ಯ ಕೇಂದ್ರಕ್ಕೆ ಬನ್ನಿ, ಮಾತಾಡೋಣ. ಅಜ್ಜಾ, ನೀವು ನಾಳೆ ಒಬ್ಬರೇ ಬನ್ನಿ."

"ನಾನೂ ಮಾತಾಡೋಕೆ ಬರ್ತೀನಿ" ಅಂದ ಮಗ. ಮೊದಲ ಸಲ ಅವನ ದನಿ ಇಳಿದಿತ್ತು.

ಈ ಕಥೆ ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಿರಿಯ ಗಂಡಸರೊಬ್ಬರು ಮೈ ಮುಚ್ಚಿಕೊಂಡು ಮೂಲೆ ಸೇರಿದ್ದರೆ, "ಬಿದ್ದೆ" ಅನ್ನುವ ಮಾತಿಗೆ ತಲೆಯಾಡಿಸಿ ಮುಂದೆ ಹೋಗಬೇಡಿ. ಅವರೊಬ್ಬರೇ ಇರುವಾಗ ಪಕ್ಕದಲ್ಲಿ ಕೂತು ಕೇಳಿ. ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ. ಕೈ ಎತ್ತುವವರು ನೀವೇ ಆಗಿದ್ದರೆ ಇವತ್ತೇ ನಿಲ್ಲಿಸಿ, ಸಹಾಯ ಕೇಳಿ. ಉತ್ತರ ಕೂಡಲೇ ಸಿಗದೆ ಹೋಗಬಹುದು. ಆದರೂ ಕೇಳಿ.

ಆ ಸಂಜೆ ಮಗನೂ ಕೇಳಿದ. ಅಳತೆ ಟೇಪು ಹಿಡಿದು ಅಪ್ಪನ ಮುಂದೆ ಮಂಡಿಯೂರಿದ. ದೊಡ್ಡ ಮಾಸ್ಟರ್ ಕನ್ನಡಕ ಹಾಕಿಕೊಂಡು ಗುಂಡಿ ಹೊಲಿಯುತ್ತಲೇ ಇದ್ದರು. ಸೊಸೆಯ ಮೆಷಿನ್ ನಿಂತಿತು.

"ಅಪ್ಪಾ, ಕೈ ಚಾಚು. ತೋಳು ಸರಿ ಮಾಡಿಕೊಡ್ತೀನಿ. ಇನ್ನು ಮುಚ್ಚಿಕೊಳ್ಳೋ ಹಾಗೆ ಏನೂ ಆಗಲ್ಲ."