ಬೋಳು ಗಾಡಿ

ಕರ್... ಕರ್... ಕರ್...

ಊರೆಲ್ಲ ಮಲಗಿದ ಮೇಲೆ, ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ, ಹ್ಯಾಕ್ಸಾ ಬ್ಲೇಡು ನನ್ನ ಟಾಪಿನ ಕಂಬವನ್ನು ಕೊಯ್ಯುತ್ತಿದ್ದ ಸಣ್ಣ ಸದ್ದು ಅದು. ಹಗಲೆಲ್ಲ ಗಿರಾಕಿಗಳ ಕೆಲಸ. ನನ್ನ ಪಾಲಿಗೆ ಉಳಿಯುತ್ತಿದ್ದದ್ದು ರಾತ್ರಿ ಮಾತ್ರ. ನಾನು ನಿಜವಾಗಿ ಹುಟ್ಟಿದ್ದು ಆ ಸದ್ದಿನಲ್ಲಿ ಎಂದೇ ನನ್ನ ಎಣಿಕೆ.

ನಾನು ಒಂದು ಕಾರು. ಕಾಗದಪತ್ರದ ಪ್ರಕಾರ ನನ್ನ ಹುಟ್ಟು ಇನ್ನೂ ಹಿಂದಿನದು: 1948ರಲ್ಲಿ, ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಹಡಗಿನಲ್ಲಿ ಮುಂಬಯಿಗೆ ಬಂದು, ಗದಗಿನ ಹತ್ತಿ ವ್ಯಾಪಾರಿಯೊಬ್ಬರ ಮನೆ ಸೇರಿದೆ. ಅವರ ಮನೆಯ ಆರು ಮದುವೆಗಳಲ್ಲಿ ಹೂವಿನ ಹಾರ ಹಾಕಿಸಿಕೊಂಡೆ. ಅವರು ತೀರಿಕೊಂಡ ಮೇಲೆ ನನ್ನನ್ನು ಹಿತ್ತಲಿಗೆ ತಳ್ಳಿದರು. ಹನ್ನೊಂದು ವರ್ಷ ನನ್ನ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು.

ಅಲ್ಲಿಂದ ನನ್ನನ್ನು ಎಳೆದು ತಂದವನು ಮೌನೇಶ ಕಮ್ಮಾರ. ಎಂಜಿನ್ ಮತ್ತು ವೆಲ್ಡಿಂಗ್ ಅವನ ಕೆಲಸ. ಅದೇ ಶೆಡ್ಡಿನ ಇನ್ನೊಂದು ಅರ್ಧದಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡುತ್ತಿದ್ದವನು ಅವನ ಗೆಳೆಯ ದಸ್ತಗೀರ.

"ಲೇ ಮೌನ್ಯಾ, ಗಾಡಿ ತಂದೀಯೋ ಕೋಳಿಗೂಡು ತಂದೀಯೋ?" ಎಂದು ದಸ್ತಗೀರ ಮೂಗು ಮುಚ್ಚಿಕೊಂಡ.

"ಕೋಳಿ ಇಳಿಸಿ ಬಂದೀನಿ. ನಿನಗ ಬೇಕಿತ್ತೇನು?"

ಶೆಡ್ಡಿನಲ್ಲಿ ರದ್ದಿ ಅಂಗಡಿಯಿಂದ ತಂದ ಒಂದು ಅಮೆರಿಕದ ಪತ್ರಿಕೆ ಇತ್ತು. ಅದರಲ್ಲಿ ಎರಡು ಚಿತ್ರ, ಎರಡೂ ಹಳೆಯ ಕಾರುಗಳದ್ದೇ. ಗಿರಾಕಿಯಾಗಿ ಬರುತ್ತಿದ್ದ ರೈಲ್ವೆ ಎಂಜಿನಿಯರ್ ಒಬ್ಬರು ಅದನ್ನು ಓದಿ ತಿಳಿಸಿದ್ದರು. ಮೊದಲನೆಯದು ಹಾಟ್‌ರಾಡ್. ಓಟಕ್ಕೆ ಬೇಡವಾದದ್ದನ್ನೆಲ್ಲ ಕಿತ್ತು ಹಾಕಿ, ದೊಡ್ಡ ಎಂಜಿನ್ ಕೂರಿಸಿದ ಬೋಳು ಗಾಡಿ. ಗಾಳಿ, ಬಿಸಿ, ಸದ್ದು ಎಲ್ಲವೂ ನೇರ ಮೈಮೇಲೆ. ಎರಡನೆಯದು ಸ್ಟ್ರೀಟ್‌ರಾಡ್. ಹೊರಗಿನ ಮೈಕಟ್ಟು ಮಾತ್ರ ಹಳೆಯದು, ಒಳಗೆಲ್ಲ ಹೊಸದು. ಎಸಿ, ಮೆತ್ತನೆಯ ಸೀಟು, ಹಗುರ ಸ್ಟೇರಿಂಗ್, ಕನ್ನಡಿಯಂಥ ಬಣ್ಣ. ಮನೆಮಂದಿಯನ್ನು ಕೂರಿಸಿಕೊಂಡು ಸುಖವಾಗಿ ದೂರದ ಊರಿಗೆ ಹೋಗಿಬರುವ ಗಾಡಿ.

"ಒಂದು ಓಡಾಕ, ಒಂದು ಕುಂಡ್ರಾಕ. ನನಗ ಓಡೂದು ಬೇಕು" ಎಂದ ಮೌನೇಶ.

"ಕುಂಡ್ರದ ಹೆಂಗ ಓಡಸ್ತೀಲೇ? ನಿಂತು ಓಡಸ್ತೀ?"

"ನಿನ್ನ ಕೈಯಾಗ ಕೊಟ್ರ ನೀ ಎಮ್ಮಿಗೂ ಪಾಲಿಶ್ ಹೊಡಿಯಾಂವ. ಸುಮ್ಕಿರು."

ನನ್ನ ಟಾಪು ಹೋಯಿತು. ಮಡ್‌ಗಾರ್ಡು, ಬಾನೆಟ್ಟು, ಬಂಪರು ಒಂದೊಂದಾಗಿ ಗೋಡೆ ಸೇರಿದವು. ಟಾಪಿಲ್ಲದ ಮೈ ತಿರುಚಿಕೊಳ್ಳಬಾರದೆಂದು ಮೌನೇಶ ಬಾಗಿಲುಗಳನ್ನು ಮೈಗೇ ಬೆಸೆದ. ಒಳಗೆ ಬರುವವರು ಗೋಡೆ ಹತ್ತಿದಂತೆ ಕಾಲೆತ್ತಿ ಹಾರಬೇಕು. ಮಿಲಿಟರಿ ಲಾರಿಯ ಆರು ಸಿಲಿಂಡರಿನ ಎಂಜಿನ್ ನನ್ನ ಎದೆಗೆ ಬಂತು. ಹೊಗೆಯ ಕೊಳವೆಗೆ ಸೈಲೆನ್ಸರ್ ಇರಲಿಲ್ಲ. ವೆಲ್ಡಿಂಗಿನ ಉಬ್ಬುಗಳನ್ನು ಅವನು ತಿಕ್ಕಲೂ ಇಲ್ಲ, ಬಣ್ಣ ಹಚ್ಚಿ ಮುಚ್ಚಲೂ ಇಲ್ಲ. ದಿನಾ ಬೆಳಿಗ್ಗೆ ಎಣ್ಣೆಬಟ್ಟೆಯಿಂದ ಅವನ್ನು ಒರೆಸಿ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಹೆಬ್ಬೆರಳಿನಿಂದ ನೋಡುತ್ತಿದ್ದ. ಓಣಿಯವರು ನನ್ನನ್ನು ಬೋಳು ಗಾಡಿ ಎಂದರು. ನನಗೆ ಬೇಸರವಾಗಲಿಲ್ಲ.

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅವನು ನನ್ನನ್ನು ಆ ಬಯಲಿಗೆ ಒಯ್ಯುತ್ತಿದ್ದ. ಪೆಡಲು ಒತ್ತಿದರೆ ನೆಲವೇ ಹಿಂದಕ್ಕೆ ಜಾರಿದಂತಾಗುತ್ತಿತ್ತು. ಪಕ್ಕದಲ್ಲಿ ಕುಳಿತ ದಸ್ತಗೀರ ಕಣ್ಣು ಮುಚ್ಚಿಕೊಂಡು "ಯಾ ಅಲ್ಲಾ, ನಿಲ್ಸಲೇ!" ಎಂದು ಕೂಗುತ್ತಿದ್ದ. ಮರುವಾರ ಮತ್ತೆ ಅವನೇ ಮೊದಲು ಹಾರಿ ಕೂರುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ ಕಳೆದವು.

ನಾನು ಸುಮ್ಮನೆ ಗಮನಿಸುವ ವಸ್ತು. ಆದ್ದರಿಂದ ಮೊದಲು ಗೊತ್ತಾದದ್ದು ನನಗೇ ಇರಬೇಕು. ಮೌನೇಶ ಸ್ಪ್ಯಾನರನ್ನು ಬೋಲ್ಟಿನ ಪಕ್ಕಕ್ಕೆ ಇಡತೊಡಗಿದ. ಕೆಳಗೆ ಬಿದ್ದ ನಟ್ಟನ್ನು ಕಾಲಿನಿಂದ ತಡಕಾಡಿದ. ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನು ಮೆಲ್ಲಗೆ ನಂದಿಸಿತು. ಬೆರಳ ತುದಿಗಳು ಮರಗಟ್ಟಿದವು. ಕೊನೆಗೆ ಬಲಗಾಲಿನಲ್ಲಿ ಮಾಯದ ಹುಣ್ಣಾಯಿತು. ಮೂರು ತಿಂಗಳು ಔಷಧಿ ಮಾಡಿ ನೋಡೋಣ, ಇಲ್ಲದಿದ್ದರೆ ಕಾಲು ತೆಗೆಯಬೇಕು ಎಂದರು ಡಾಕ್ಟರು.

ಹೆಂಡತಿ ನೀಲವ್ವ ಒಂದು ಸಂಜೆ ಅವನನ್ನು ಕೈಹಿಡಿದು ಶೆಡ್ಡಿಗೆ ಕರೆತಂದಳು. ಅವನು ನನಗೆ ಒರಗಿ ನಿಂತು ಹೇಳಿದ:

"ದಸ್ತೂ, ಕಾಲು ಹೋಗೂಕಿಂತ ಮೊದಲ ಒಮ್ಮೆ ನನ್ನ ಗಾಡ್ಯಾಗ ಕುಂಡ್ರಬೇಕಲೇ. ನಾ ಓಡಸೂದಿಲ್ಲ. ಬಾಜೂಕ ಕುಂಡ್ರತೀನಿ. ಅಷ್ಟ ಸಾಕು."

ಆದರೆ ಹಾರಿ ಕೂರುವ ಕಾಲು ಅವನಿಗಿರಲಿಲ್ಲ. ಕುಲುಕಾಟ ಹುಣ್ಣಿಗೆ ಆಗದು ಎಂದಿದ್ದರು ಡಾಕ್ಟರು.

ಮರುದಿನದಿಂದ ದಸ್ತಗೀರ ಬೇರೆ ಕೆಲಸ ಹಿಡಿಯಲಿಲ್ಲ. ಗೆಳೆಯನಿಗೆ ನೋವಾಗದಂತೆ ಕೂರಿಸಬೇಕು, ಅದೊಂದೇ ಅವನ ತಲೆಯಲ್ಲಿದ್ದದ್ದು. ಬೆಸೆದ ಬಾಗಿಲುಗಳನ್ನು ಕೊಯ್ದು ಬಿಡಿಸಿ, ಕೀಲು ಹಾಕಿ, ಅಗಲವಾಗಿ ತೆರೆಯುವಂತೆ ಮಾಡಿದ. ಹೊಸ ಟಾಪು ಕಟ್ಟಿದ. ಕುಲುಕುತ್ತಿದ್ದ ಲಾರಿ ಎಂಜಿನ್ನು ಗುಜರಿಗೆ ಹೋಯಿತು, ಅಲ್ಲಿ ಅದನ್ನು ಒಡೆದು ಕರಗಿಸಿಬಿಟ್ಟರು. ಅದರ ಜಾಗಕ್ಕೆ ಸದ್ದಿಲ್ಲದ ಹೊಸ ಎಂಜಿನ್ ಬಂತು. ಎಸಿ ಬಂತು, ಮೆತ್ತನೆಯ ಸೀಟು ಬಂತು. ವೆಲ್ಡಿಂಗಿನ ಉಬ್ಬುಗಳನ್ನೆಲ್ಲ ಗ್ರೈಂಡರಿನಿಂದ ತಿಕ್ಕಿ, ಪುಟ್ಟಿ ಹಚ್ಚಿ, ನುಣುಪು ಮಾಡಿದ. ಹಳೆಯ ಪತ್ರಿಕೆಯ ಎರಡನೆಯ ಚಿತ್ರದಂತೆ ಕಡುಗೆಂಪು ಬಣ್ಣ ಹೊಡೆದ. ಕುಳಿತ ಮೇಲೆ ಹೇಳೋಣ, ಖುಷಿಪಡಲಿ ಎಂದು ಅವನೂ ನೀಲವ್ವನೂ ಮಾತಾಡಿಕೊಂಡರು.

ಸುಳ್ಳು ಹೇಳಲಾರೆ. ನನಗೂ ಇಷ್ಟವಾಯಿತು. ಇಷ್ಟು ಪ್ರೀತಿಯಿಂದ ಯಾರೂ ನನ್ನ ಮೈ ತಿಕ್ಕಿರಲಿಲ್ಲ.

ಔಷಧಿ ಫಲಿಸಲಿಲ್ಲ; ಆಪರೇಷನ್ನಿಗೆ ಸೇರಬೇಕಾದ ದಿನ ಬಂತು. ದಸ್ತಗೀರ ನನ್ನನ್ನು ಅವರ ಮನೆಯ ಮುಂದೆ ನಿಲ್ಲಿಸಿದ. ಮೌನೇಶನ ಕೈ ನನ್ನ ಬಾಗಿಲಿನ ಮೇಲೆ ಒಮ್ಮೆ ಜಾರಿತು. ಅದು ಯಾವ ಉಬ್ಬಿಗೂ ತಡೆಯಲಿಲ್ಲ. ಬಾಗಿಲು ತೆರೆಯಿತು. ಅವನು ಕುಳಿತ. ನೀಲವ್ವ ಹಿಂದೆ ಕುಳಿತಳು. ದಸ್ತಗೀರ ಎಸಿ ಹಾಕಿ, ಮೆಲ್ಲಗೆ ಹೊರಟು, ಗೆಳೆಯನ ಮುಖ ನೋಡುತ್ತ ಕಾದ.

ಮೌನೇಶ ಬಾಗಿಲಿನ ದಪ್ಪ ತಗಡು ತಟ್ಟಿದ, ಸೀಟು ತಟ್ಟಿ ನೋಡಿದ. ಕಿವಿಗೊಟ್ಟು ಕೇಳಿದ.

"ಯಾರ ಗಾಡಿನೋ ಇದು?"

ದಸ್ತಗೀರ ನಕ್ಕು ಬಾಯಿ ತೆರೆದ. ಅಷ್ಟರಲ್ಲಿ ಮೌನೇಶನೇ ಮುಂದುವರಿಸಿದ:

"ಬಾಡಿ ಹಳೇದು, ಒಳಗ ಎಲ್ಲಾ ಹೊಸಾದು. ಹೌದಲ್ಲೋ? ಕಡೀಕೂ ಒಂದು ಸ್ಟ್ರೀಟ್‌ರಾಡ್ ಮಾಡೇ ಬಿಟ್ಟಿ! ಚಂದ ಮಾಡೀಯಪಾ. ಆದ್ರ ಇದಕ್ಕ ಜೀವ ಇಲ್ಲೋ. ನಂದಕ್ಕ ಯಾರರ ಹಿಂಗ ಮಾಡಿದ್ರ, ನಾ ಅಲ್ಲೇ ಎದಿ ಒಡದು ಸಾಯ್ತಿದ್ದೆ."

ನಾನೇ ಅವನನ್ನು ಹೊತ್ತುಕೊಂಡಿದ್ದೆ. ಅವನ ಕೈ ನನ್ನ ಮೈಮೇಲೆಯೇ ಇತ್ತು.

"ದಾವಣಗೆರಿ ಗಿರಾಕಿದು" ಎಂದ ದಸ್ತಗೀರ.

"ನಂದು ಶೆಡ್ಡಿನ್ಯಾಗ ಐತಿಲ್ಲೋ?"

"ಐತಿ."

"ತಾಡಪಾಲು ಮುಚ್ಚೀ?"

"ಮುಚ್ಚೀನೋ ಮಾರಾಯಾ."

"ಹಂಗಾರ ಬಂದ ಮ್ಯಾಲ ಕುಂಡ್ರತೀನಿ. ಒಂದ ಕಾಲಿದ್ರೂ ಎತ್ತಿ ಒಗೀರಿ ಒಳಗ" ಎಂದು ಅವನು ನಕ್ಕ. ಹಿಂದಿನ ಸೀಟಿನಲ್ಲಿ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕನ್ನಡಿಯಲ್ಲಿ ನಾನು ಅದನ್ನು ನೋಡಿದೆ.

ಆಪರೇಷನ್ನಾದ ನಾಲ್ಕನೆಯ ದಿನ ಅವನ ಗುಂಡಿಗೆ ನಿಂತಿತು.

ಸುಖ ಕೊಡಲೆಂದೇ ನನ್ನನ್ನು ಬದಲಿಸಿದರು. ಅವನು ಸುಖವಾಗಿಯೇ ಕುಳಿತಿದ್ದ. ಹುಣ್ಣಿಗೆ ಒಂದು ಸಣ್ಣ ಕುಲುಕೂ ತಾಗಲಿಲ್ಲ. ಅವನು ಕೇಳಿದ್ದು ಸುಖವನ್ನಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಈಗ ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ. ಆಡಿದ ಸುಳ್ಳಿನಲ್ಲಿ ಒಂದು ತುಣುಕಾದರೂ ನಿಜವಾಗಲಿ ಎಂದೋ ಏನೋ, ಆಸ್ಪತ್ರೆಯಿಂದ ಮರಳಿದ ದಿನವೇ ದಸ್ತಗೀರ ನನ್ನ ಮೇಲೆ ತಾಡಪಾಲು ಹೊದಿಸಿದ. ಆಮೇಲೆ ಯಾರೂ ನನ್ನನ್ನು ಓಡಿಸಿಲ್ಲ.

ಒಮ್ಮೆ ಮಾತ್ರ ಆ ತಾಡಪಾಲನ್ನು ತೆಗೆದರು, ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ. ಕೊಪ್ಪಳಕ್ಕೆ ಕೊಟ್ಟಿದ್ದ ಮಗಳು ಸುವರ್ಣಾ ತಾಯಿಯೊಂದಿಗೆ ಬಂದಳು. ನನ್ನನ್ನು ನೋಡಿ ಬೆರಗಾದಳು.

"ಅಪ್ಪ ಕಡೀಕ ತನ್ನ ಗಾಡ್ಯಾಗ ಕುಂತನೇನವಾ?"

"ಕುಂತ್ರು. ಆಸ್ಪತ್ರಿಗೆ ಇದರಾಗ ಹೋದ್ವಿ."

"ಏನಂದ?"

ತಾಡಪಾಲು ಮಡಚುತ್ತಿದ್ದ ದಸ್ತಗೀರನ ಕೈ ನಿಂತಿತು. ನೀಲವ್ವ ಅವನತ್ತ ನೋಡಲಿಲ್ಲ.

"ಚಂದ ಮಾಡೀಯಪಾ ಅಂದ್ರು, ದಸ್ತಗೀರಣ್ಣಗ."

ಸುವರ್ಣಾ ಅಳುತ್ತ ಅವನ ಎರಡೂ ಕೈ ಹಿಡಿದುಕೊಂಡಳು. "ಕಾಕಾ, ಅವನ ಆಸೆ ನೀ ತೀರಿಸಿದಿ."

"ಇಲ್ಲವಾ, ಅಂವಾ..." ಎಂದು ದಸ್ತಗೀರ ಶುರುಮಾಡಿದ.

"ಚಾ ಆರತೈತಿ ಅಣ್ಣಾ, ಕುಡಿ" ಎಂದಳು ನೀಲವ್ವ.

ಅವನು ಅವಳ ಮುಖ ನೋಡಿದ. ಗಂಡ ಆಡಿದ ಉಳಿದ ಮಾತನ್ನು ಮಗಳಿಗಾಗಲಿ, ಬೇರೆ ಯಾರಿಗಾಗಲಿ ತಾನಿರುವವರೆಗೂ ಹೇಳುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು.