ಹೂಂ ಅನ್ನು

ಶಾಲೆಯ ಆರೋಗ್ಯ ಕೊಠಡಿ ಮೆಟ್ಟಿಲ ಕೆಳಗಿತ್ತು. ಮಕ್ಕಳು ಇಳಿಯುವಾಗಲೆಲ್ಲ ಅದರ ಮಾಳಿಗೆ ಗುಡುಗುತ್ತಿತ್ತು. ಒಳಗೆ ಹಸಿರು ರೆಕ್ಸಿನ್ ಹೊದಿಸಿದ ಮಂಚ, ಚಕ್ರಗಳ ಮೇಲೆ ನಿಂತ ಬಟ್ಟೆಯ ಪರದೆ, ತೂಕದ ಯಂತ್ರ. ಬೆಳಗ್ಗೆ ಅದು ಶಾಲೆಯ ಮಕ್ಕಳದು. ಮಧ್ಯಾಹ್ನದ ಮೇಲೆ ಬೀದಿ ಕಡೆಯ ಬಾಗಿಲು ತೆರೆದರೆ ಸುತ್ತಲಿನ ಮನೆಗಳವರದು. ಬಸುರಿಯರು, ಸಕ್ಕರೆ ಕಾಯಿಲೆಯ ಮುದುಕರು, ಚುಚ್ಚುಮದ್ದಿನ ಕೂಸುಗಳನ್ನು ಎತ್ತಿಕೊಂಡವರು ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ಮೊಣಕಾಲು ಎದೆಗೆ ತಾಗುವಂತೆ ಕೂರುತ್ತಿದ್ದರು.

ನನ್ನ ಮಗಳು ಆ ಮಂಚದ ಮೇಲೆ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

"ಇವತ್ತೂ ಹೊಟ್ಟೆನೋವಾ?" ಅಂದೆ.

"ಹೊಟ್ಟೆನೋವು ಸುಳ್ಳು ಅಂತ ಯಾವಾಗ್ಲೋ ಗೊತ್ತಾಯ್ತು," ಅಂದರು ನರ್ಸ್. "ಎಲ್ಲಿ ನೋವಮ್ಮಾ ಅಂದ್ರೆ ದಿನಕ್ಕೊಂದು ಕಡೆ ತೋರಿಸ್ತಾಳೆ. ಮೊನ್ನೆ ಮಂಡಿ ತೋರಿಸಿದ್ಳು. ಹೊಟ್ಟೆ ಅಷ್ಟು ಕೆಳಗೆ ಇಳಿದಿದ್ದನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ."

ನನ್ನ ಜೊತೆ ಬಂದಿದ್ದ ಅತ್ತೆ ನಗಲಿಲ್ಲ. ಅವರು ಆಗಲೇ ಮಂಚದ ಹತ್ತಿರ ಹೋಗಿ ಕೈಯ ಹಿಂಬದಿಯನ್ನು ಮಗುವಿನ ಮೂಗಿನ ಕೆಳಗೆ ಹಿಡಿದಿದ್ದರು. ಸಮಾಧಾನವಾಗಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದರು.

"ಚೋಟೂ, ಹೂಂ ಅನ್ನು."

ಮಗಳು ಕಣ್ಣು ಬಿಡದೆ "ಹೂಂ" ಅಂದಳು.

"ಮಲಗಿರೋ ಮಗೂನ ಯಾಕೆ ಎಬ್ಬಿಸ್ತೀರಿ ಅಜ್ಜಿ?" ಅಂದರು ನರ್ಸ್.

"ಅಜ್ಜಿ ಅವಳಿಗೆ, ನಿನಗಲ್ಲ. ನಿನಗಿಂತ ನನ್ನ ಹಲ್ಲು ಗಟ್ಟಿ ಇವೆ."

"ಅದು ಮಾತಲ್ಲೇ ಗೊತ್ತಾಗತ್ತೆ, ಬಿಡಿ."

ನರ್ಸ್ ನನ್ನ ಕಡೆ ತಿರುಗಿ ದನಿ ಇಳಿಸಿದರು. ತರಗತಿಯಲ್ಲಿ ಚೋಟು ಇದ್ದಕ್ಕಿದ್ದಂತೆ ಎಲ್ಲೋ ಹೋಗಿಬಿಡುತ್ತಾಳಂತೆ. ಕಣ್ಣು ತೆರೆದೇ ಇರುತ್ತದೆ, ಪೆನ್ಸಿಲ್ ಕೈಯಿಂದ ಜಾರುತ್ತದೆ, ಕರೆದರೆ ಕೇಳಿಸುವುದಿಲ್ಲ. ಕೈಕಾಲು ನಡುಗದೆಯೂ ಬರುವ ಒಂದು ಬಗೆಯ ಫಿಟ್ಸ್ ಇದೆಯಂತೆ. ಶಾಲೆಗೆ ಬರುವ ಡಾಕ್ಟರಿಗೆ ಅದೇ ಇರಬಹುದೆಂಬ ಅನುಮಾನ. ಮುಂದಿನ ಭೇಟಿಯಲ್ಲಿ ಮಾತ್ರೆ ಶುರು ಮಾಡುತ್ತಾರೆ.

"ಅದಕ್ಕೆ ಮುಂಚೆ ಮನೆ ವಿಚಾರ ಕೇಳ್ಕೋ ಅಂದಿದಾರೆ. ಊಟ ಸರಿ ಇದೆಯಾ? ನಿದ್ದೆ ಹೇಗೆ?"

"ನಿದ್ದೆಗೇನು, ಚೆನ್ನಾಗಿ ಮಲಗ್ತಾಳೆ," ಅಂದರು ಅತ್ತೆ. "ನಾನೇ ನೋಡ್ತಿರ್ತೀನಲ್ಲ."

ನರ್ಸ್ ನನ್ನ ಮುಖ ನೋಡಿದರು. ನಾನು ಮಗಳ ಶೂ ಹುಡುಕತೊಡಗಿದೆ.

ನನ್ನ ಗಂಡ ನಿದ್ದೆಯಲ್ಲೇ ಹೋದ. ಹೃದಯ ಅಂದರು. ಅವತ್ತು ಬೆಳಗ್ಗೆ ಅಲಾರಂ ಹೊಡೆಯುತ್ತಲೇ ಇತ್ತು. ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಬಾಗಿಲ ಹೊರಗೆ ನಿಂತು "ಅದರ ಬಾಯಿ ಮುಚ್ಚಿಸೋ ಮಾರಾಯ" ಎಂದು ಕೂಗುತ್ತಿದ್ದರು. ನಗುತ್ತಲೇ ಕೂಗುತ್ತಿದ್ದರು.

ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಮಲಗುವ ಹಾಗಿಲ್ಲ. ಕತ್ತಲಾದ ಮೇಲೆ ಅತ್ತೆ ಒಬ್ಬೊಬ್ಬರ ಹತ್ತಿರವೂ ಬರುತ್ತಾರೆ. ಮೊದಲು ಮೂಗಿನ ಕೆಳಗೆ ಕೈ. ವರ್ಷಗಟ್ಟಲೆ ಸೋಪಿನ ನೀರಲ್ಲಿ ಬೆಂದ ಕೈ ಅದು, ಮಗುವಿನ ಉಸಿರು ಅದಕ್ಕೆ ತಾಕುವುದಿಲ್ಲ. ಆಗ ಭುಜ. ಆಗ "ಹೂಂ ಅನ್ನು." ಅಂದರೆ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಾರೆ. ಮಾವ ಕೆಳಗಿನ ಅಂಗಡಿಯಲ್ಲಿ ದಿನವಿಡೀ ಮಿಷನ್ ತುಳಿಯುವ ದರ್ಜಿ. ಅವರು ನಿದ್ದೆಯಲ್ಲೇ ಹೂಂ ಅನ್ನುವುದನ್ನು ಕಲಿತುಬಿಟ್ಟಿದ್ದಾರೆ. ಒಮ್ಮೊಮ್ಮೆ ಹಗಲಲ್ಲಿ ಗಿರಾಕಿ ತೋಳಿನ ಅಳತೆ ಹೇಳುವಾಗಲೂ ಅದೇ ದನಿಯಲ್ಲಿ ಹೂಂ ಅನ್ನುತ್ತಾರೆ, ಅಂಗಿ ತಪ್ಪಾಗಿ ಹೊಲಿದಿರುತ್ತಾರೆ. ನನಗೆ ಎಬ್ಬಿಸಿದರೂ ಒಂದೇ, ಬಿಟ್ಟರೂ ಒಂದೇ. ಚೋಟು ಮಾತ್ರ ಒಮ್ಮೆ ಎದ್ದರೆ ಮತ್ತೆ ಮಲಗುವುದಿಲ್ಲ. ಗೋಡೆಗೆ ಮುಖ ಮಾಡಿ ಬೆರಳಿನಿಂದ ಸುಣ್ಣ ಕೆರೆಯುತ್ತಾಳೆ.

ನಿದ್ದೆ ಕೆಟ್ಟಷ್ಟೂ ಮಗು ಹಗಲಲ್ಲಿ ತೂಕಡಿಸಿತು. ತೂಕಡಿಸಿದಷ್ಟೂ ಅತ್ತೆಗೆ ಭಯವಾಯಿತು. "ಅವನೂ ಹೀಗೇ ಸುಸ್ತು ಸುಸ್ತು ಅಂತಿದ್ದ," ಎಂದು ಇನ್ನೂ ಹೆಚ್ಚು ಎಬ್ಬಿಸಿದರು.

ನಾನು ಓದಿದ್ದು ಪ್ರಾಣಿಶಾಸ್ತ್ರ. ನಿದ್ದೆಗೆಡಿಸಿದ ಇಲಿಗಳಿಗೆ ಏನಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೇನೆ. ಮನೆಯಲ್ಲಿ ಹೇಳಲು ಒಮ್ಮೆ ಬಾಯಿ ತೆರೆದೆ.

"ಅತ್ತೆ, ಮಗು ಮಲಗಲಿ."

"ಮಲಗಲಿ ಅಂತಾಳೆ. ನೀನು ಅವನ ಪಕ್ಕದಲ್ಲೇ ಮಲಗಿದ್ದೆಯಲ್ಲ. ಚೆನ್ನಾಗಿ ಮಲಗಿದ್ದೆ."

ಮಗಳನ್ನು ಕರೆದುಕೊಂಡು ಹೋಗೋಣವೆಂದರೆ ಎಲ್ಲಿಗೆ? ತವರಿನಲ್ಲಿ ಇರುವುದು ಎರಡು ಕೋಣೆ, ಅದರಲ್ಲಿ ಅಣ್ಣನ ಸಂಸಾರ. "ಯಾವಾಗ ಬೇಕಾದ್ರೂ ಬಾ" ಅಂತ ಅಣ್ಣ ಹೇಳಿದಾಗ ಅತ್ತಿಗೆ ಒಳಗೆ ಎದ್ದು ಹೋಗಿದ್ದಳು.

ಡಾಕ್ಟರು ಬರುವ ಮುನ್ನ ನರ್ಸ್ ಮನೆಗೇ ಬಂದರು. ಅದೂ ಅವರ ಕೆಲಸವಂತೆ. ಮಗು ಎಲ್ಲಿ ಮಲಗುತ್ತದೆ, ಕಿಟಕಿ ಇದೆಯೇ, ಹೊಗೆ ಬರುತ್ತದೆಯೇ ಎಲ್ಲ ನೋಡಬೇಕು. ಅತ್ತೆ ಮೊದಲು ಬಿಗುವಾಗಿದ್ದರು. ಆಮೇಲೆ ಹುರುಪಿನಿಂದ ಮಂಚ ತೋರಿಸಿದರು, ಬಿಸಿಲಿಗೆ ಹಾಕಿದ ದಿಂಬು ತೋರಿಸಿದರು.

"ನೋಡು, ಒಂದು ಸೊಳ್ಳೆ ಒಳಗೆ ಬರಲ್ಲ. ಅವಳ ಪಕ್ಕ ಅವಳಮ್ಮ. ಈ ಕಡೆ ನಾನು. ಕೋಟೆ ಥರ."

"ಕೋಟೇನೇ," ಅಂದರು ನರ್ಸ್. "ಒಳಗೆ ಗಾಳಿಗೂ ಪಾಸ್ ಬೇಕೇನೋ."

ಹೊರಡುವಾಗ ಮೆಟ್ಟಿಲ ನಡುವೆ ನಿಂತು ನನ್ನ ತೋಳು ಹಿಡಿದರು. "ನೀವೊಬ್ರು ಬಾಯೇ ಬಿಡಲ್ವಲ್ಲ. ಏನಾದ್ರೂ ಹೇಳೋದಿದೆಯಾ?"

ಮೇಲೆ ಅತ್ತೆ ಕಂಬಿ ಹಿಡಿದು ಬಗ್ಗಿ ನೋಡುತ್ತಿದ್ದರು. ಕೆಳಗೆ ಮಾವನ ಮಿಷನ್ ಸದ್ದು ನಿಂತಿತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ನಾನು ನಿಂತಿದ್ದೆ.

"ಇಲ್ಲ," ಅಂದೆ.

ನರ್ಸ್ ಇಳಿದು ಹೋದರು. ಮಿಷನ್ ಮತ್ತೆ ಶುರುವಾಯಿತು.

ಡಾಕ್ಟರು ಎಳೆಯ ಪ್ರಾಯದವರು. ಒಂದೇ ದಿನ ಮೂರು ಶಾಲೆ ಸುತ್ತಬೇಕಿದ್ದರಿಂದ ಕುರ್ಚಿಯ ಅಂಚಿನಲ್ಲೇ ಕೂತಿದ್ದರು. ಚೋಟುವಿನ ಕಣ್ಣಿಗೆ ಟಾರ್ಚ್ ಬಿಟ್ಟರು, ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರು. ಅವಳ ಕಾಲು ಸ್ವಲ್ಪ ತಡವಾಗಿ ಎಗರಿತು, ಬೇರೆಯವರ ಕಾಲು ಅನ್ನುವ ಹಾಗೆ.

"ತಲೆಯ ಪರೀಕ್ಷೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸರದಿ ಬರೋಕೆ ತಿಂಗಳುಗಳು ಹಿಡಿಯತ್ತೆ. ಅಲ್ಲೀ ತನಕ ಮಾತ್ರೆ ಕೊಡೋಣ. ಗಾಬರಿ ಏನಿಲ್ಲ. ಮೊದಮೊದಲು ಮಂಪರು ಜಾಸ್ತಿ ಇರತ್ತೆ, ಅಷ್ಟೆ. ಗಾಢವಾಗಿ ಮಲಗ್ತಾಳೆ. ಎಬ್ಬಿಸಿದ್ರೂ ಬೇಗ ಏಳದೇ ಇರಬಹುದು."

"ಏಳಲ್ವಾ?" ಅಂದರು ಅತ್ತೆ.

"ಏಳ್ತಾಳೆ ಅಮ್ಮ. ನಿಧಾನಕ್ಕೆ."

ಅತ್ತೆಯ ಕೈ ಸೆರಗಿನೊಳಗೆ ಹೋಯಿತು. ನನಗೆ ಮುಂದಿನದೆಲ್ಲ ಕಾಣಿಸಿತು. ಮಾತ್ರೆ ನುಂಗಿದ ಮಗು ಮಲಗಿರುತ್ತದೆ. ಅಲ್ಲಾಡಿಸಿದರೆ ಹೂಂ ಅನ್ನುವುದಿಲ್ಲ. ಇನ್ನಷ್ಟು ಅಲ್ಲಾಡಿಸುತ್ತಾರೆ. ಮುಖಕ್ಕೆ ನೀರು ಹಾಕುತ್ತಾರೆ. ಎತ್ತಿ ಕೂರಿಸುತ್ತಾರೆ.

ಡಾಕ್ಟರು ಚೀಟಿ ಎಳೆದುಕೊಂಡರು.

"ಅವಳಿಗೆ ನಿದ್ದೆ ಇಲ್ಲ," ಅಂದೆ.

ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ಮನೆಯಲ್ಲಿ ಎಬ್ಬಿಸ್ತಾರೆ. ಉಸಿರಾಡ್ತಿದ್ದಾಳಾ ಅಂತ ನೋಡೋಕೆ. ಬೆಳಗಾಗೋ ತನಕ. ಇವಳಪ್ಪ ನಿದ್ದೆಯಲ್ಲಿ ಹೋದಾಗಿಂದ."

ಮೇಲೆ ಬೆಲ್ ಹೊಡೆಯಿತು. ಮಾಳಿಗೆ ಗುಡುಗಿ ನಿಂತಿತು.

"ಎಷ್ಟು ಸಲ?" ಡಾಕ್ಟರು ಕೇಳಿದ್ದು ಅತ್ತೆಯನ್ನು.

"ಎಣಿಸಿಲ್ಲ. ಎಣಿಸ್ತಾ ಕೂತ್ರೆ ನೋಡೋರ್ಯಾರು?"

ನರ್ಸ್ ಪುಟ್ಟ ಕುರ್ಚಿಯೊಂದನ್ನು ಎಳೆದು ಅತ್ತೆಯ ಎದುರಿಗೆ ಕೂತರು. ತಮಾಷೆ ಪೂರ್ತಿ ಹೋಗಿತ್ತು. "ಅಮ್ಮಾ, ನನಗೂ ಒಬ್ಬ ಮಗ ಇದಾನೆ, ನನಗೂ ಅರ್ಥ ಆಗತ್ತೆ..."

"ಬದುಕಿದಾನಾ?"

"ಇದಾನೆ."

"ಹಾಗಾದ್ರೆ ಸುಮ್ನಿರು."

ಡಾಕ್ಟರು ಚೀಟಿ ಬದಿಗಿಟ್ಟರು. ಮುಂದಿನ ಭೇಟಿಯ ತನಕ ಮಾತ್ರೆ ಬೇಡ, ಮಗುವನ್ನು ಯಾರೂ ಎಬ್ಬಿಸಬಾರದು, ಆಮೇಲೆ ನೋಡೋಣ ಅಂದರು. ಅತ್ತೆಯ ಕಡೆ ನೋಡದೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಮಾತಾಡಿಸುವ ಮೇಡಂ ಒಬ್ಬರು ಇಲ್ಲಿಗೇ ಬರುತ್ತಾರೆ, ಬೀದಿ ಬಾಗಿಲಿಂದ ಬಂದರಾಯಿತು ಅಂತಲೂ ಅಂದರು.

ದಾರಿಯಲ್ಲಿ ಅತ್ತೆ ಮಗುವಿನ ಚೀಲ ಹೊತ್ತು ಮುಂದೆ ಮುಂದೆ ನಡೆದರು. ಕಟ್ಟಡದ ಬಾಗಿಲಲ್ಲಿ ನಿಂತರು.

"ಊರ ಮುಂದೆ ನನ್ನನ್ನ ಹುಚ್ಚಿ ಮಾಡಿದೆ."

"ಇಲ್ಲ ಅತ್ತೆ."

"ಮಾಡಿದೆ. ಇರಲಿ. ಅವಳನ್ನ ನಾನು ಮುಟ್ಟಲ್ಲ. ಆದ್ರೆ ನೋಡೋರು ಒಬ್ಬರು ಬೇಕು. ನೀನು ನೋಡು. ನಾನು ನಿನ್ನ ಕೇಳ್ತೀನಿ. ನೀನು ಹೇಳ್ಬೇಕು."

"ಹೇಳ್ತೀನಿ."

"ನಿದ್ದೆಗಣ್ಣಲ್ಲಿ ಅಲ್ಲ. ನೋಡಿ ಹೇಳ್ಬೇಕು."

ಒಪ್ಪಿದೆ. ಬೇರೆ ಏನು ಕೇಳಿದ್ದರೂ ಒಪ್ಪುತ್ತಿದ್ದೆ.

ಅತ್ತೆ ಮಾತು ಉಳಿಸಿಕೊಂಡರು. ಮಗುವಿನ ಹತ್ತಿರ ಬರಲಿಲ್ಲ. ಕತ್ತಲಲ್ಲಿ ನನ್ನ ಕಾಲಿನ ಹೆಬ್ಬೆರಳು ಹಿಡಿದು ಎಳೆಯುತ್ತಿದ್ದರು, ಉಸಿರಿದೆಯಾ ಎಂದು ಪಿಸುಗುಟ್ಟಿ ಕೇಳುತ್ತಿದ್ದರು. ನಾನು ಎದ್ದು ಚೋಟುವಿನ ಎದೆಯ ಮೇಲೆ ಕಣ್ಣಿಡುತ್ತಿದ್ದೆ. ಏರಿದರೆ, ಇಳಿದರೆ, "ಇದೆ" ಅನ್ನುತ್ತಿದ್ದೆ. ಸ್ವಲ್ಪ ದಿನಕ್ಕೆ ಅವರು ಎಳೆಯುವ ಮೊದಲೇ ಎಚ್ಚರವಾಗುತ್ತಿತ್ತು.

ಚೋಟು ಮಲಗಿದಳು. ಬರಗೆಟ್ಟವರು ಉಣ್ಣುವ ಹಾಗೆ ಮಲಗಿದಳು. ಪೆನ್ಸಿಲ್ ಕೈಯಲ್ಲಿ ನಿಂತಿತು. ಪಕ್ಕದ ಹುಡುಗಿಯ ಜಡೆ ಎಳೆದಳೆಂದು ಟೀಚರ್ ದೂರು ಹೇಳಿ ಕಳಿಸಿದಾಗ ಮಾವ ಅಂಗಡಿಯಿಂದ ಮೇಲೆ ಬಂದು ಅವಳ ಬೆನ್ನು ತಟ್ಟಿ ಹೋದರು. ಡಾಕ್ಟರು ಮತ್ತೆ ಬಂದಾಗ ಮಾತ್ರೆಯ ಮಾತೇ ಎತ್ತಲಿಲ್ಲ. ದೊಡ್ಡಾಸ್ಪತ್ರೆಯ ಸರದಿ ಇರಲಿ, ಅವಸರವಿಲ್ಲ ಅಂದರು.

"ನೀವು ಹೇಳ್ಬೇಕಿದ್ದದ್ದು ಒಂದೇ ಒಂದು ಮಾತು ರೀ," ಅಂದರು ನರ್ಸ್. "ಅದನ್ನ ಹೊರಗೆ ತೆಗೆಯೋಕೆ ಹಲ್ಲು ಕೀಳೋರನ್ನ ಕರೆಸಬೇಕಿತ್ತು. ಈಗ ನೀವು ಹೇಗಿದೀರಿ?"

"ಚೆನ್ನಾಗಿದೀನಿ."

ನನ್ನ ಕಣ್ಣ ಕೆಳಗೆ ಬೆರಳಿಟ್ಟು ರೆಪ್ಪೆ ಎಳೆದು ನೋಡಿದರು. ಅತ್ತೆಯನ್ನು ಒಂದು ಸಲವಾದರೂ ಆ ಮೇಡಂ ಹತ್ತಿರ ಕಳಿಸಿ ಅಂದರು.

ಅತ್ತೆ ಹೋಗುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಒಂದು ರಜೆಯ ಮಧ್ಯಾಹ್ನ ಒಗೆದ ಸೀರೆ ಉಟ್ಟು, "ನೋಡ್ಕೊಂಡಿರು," ಅಂತ ಹೇಳಿ ಹೊರಟುಬಿಟ್ಟರು. ಮಾವ ಗುಂಡಿ, ದಾರ ತರಲು ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ಚೋಟು ಆಡಿ ದಣಿದು ಮಂಚದ ಮೇಲೆ ಅಡ್ಡಡ್ಡ ಮಲಗಿದ್ದಳು. ಕೇಳುವವರಿಲ್ಲ. ಹೇಳಬೇಕಾಗಿಲ್ಲ. ನಾನೂ ಪಕ್ಕದಲ್ಲಿ ಉರುಳಿದೆ. ಕಿಟಕಿಯ ಬೆಳಕು ಅವಳ ಅಂಗಿಯ ಮೇಲೆ ಬಿದ್ದಿತ್ತು. ಅಂಗಿ ದೊಗಳೆ, ಮಗು ಬೆಳೆಯುತ್ತದೆಂದು ಮಾವ ಬಿಟ್ಟು ಹೊಲಿದದ್ದು. ಅದರ ಮಡಿಕೆಗಳಲ್ಲಿ ಎದೆ ಏರಿದ್ದು ಕಾಣಲಿಲ್ಲ. ಇಳಿದದ್ದೂ ಕಾಣಲಿಲ್ಲ. ಇದೆ ಅಂತ ನನಗೆ ಗೊತ್ತು. ಕಣ್ಣು ಮುಚ್ಚಿದೆ. ತೆರೆದೆ. ಇದೆ ಅಂತ ಗೊತ್ತು.

ನನ್ನ ಕೈ ಅವಳ ಭುಜ ಹಿಡಿದು ಅಲ್ಲಾಡಿಸಿತು.

ಅವಳು ಬೆಚ್ಚಿ ಎದ್ದು ಕೂತಳು. ಅಜ್ಜಿಯನ್ನು ಹುಡುಕಿದಳು. ಅಜ್ಜಿ ಇರಲಿಲ್ಲ. ನನ್ನನ್ನೇ ನೋಡಿದಳು.

"ಅಮ್ಮಾ, ನಾನು ಮಲಗಿದ್ದೆ."

"ಹೌದು. ಮಲಗು."

"ನೀನೂ ಎಬ್ಬಿಸ್ತೀಯಾ?"

ಕೈ ಹಿಂದಕ್ಕೆ ಎಳೆದುಕೊಂಡೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣು ಮುಚ್ಚಿರಲಿಲ್ಲ ಅಂತ ಬೆನ್ನಿನಿಂದಲೇ ತಿಳಿಯುತ್ತಿತ್ತು. ಕೋಣೆಯಲ್ಲಿದ್ದರೆ ಮತ್ತೆ ಎಬ್ಬಿಸುತ್ತೇನೆ. ಎದ್ದೆ. ಕೋಣೆಯ ಕದ ಎಳೆದೆ. ಹಜಾರದಲ್ಲಿ ನಿಲ್ಲಲಾಗಲಿಲ್ಲ, ಕೈ ಮತ್ತೆ ಕದದ ಹಿಡಿಗೆ ಹೋಗುತ್ತಿತ್ತು. ಮನೆಯ ಬಾಗಿಲನ್ನೂ ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಕೈಗಳನ್ನು ಮೊಣಕಾಲ ಸಂದಿಯಲ್ಲಿ ಅದುಮಿಕೊಂಡೆ.

ಎಷ್ಟು ಹೊತ್ತಾಯಿತೋ. ಅತ್ತೆ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ಅಲ್ಲಿ ಕಂಡು ಮುಖ ಬಿಳಿಚಿಕೊಂಡಿತು.

"ಮಗು?"

"ಒಳಗಿದಾಳೆ. ಮಲಗಿದಾಳೆ."

"ನೋಡಿದೆಯಾ?"

"ಇಲ್ಲ."

"ನಾನು ನೋಡ್ಲಾ?"

"ಬೇಡ ಅತ್ತೆ."

ಅವರು ನನ್ನ ಕೈಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಕಾದೆ. ಸೀರೆ ಒತ್ತರಿಸಿಕೊಂಡು ನನ್ನ ಕೆಳಗಿನ ಮೆಟ್ಟಿಲಲ್ಲಿ ಕೂತರು.

"ಅಲ್ಲಿ ಏನು ಮಾಡಿದ್ರು?" ಅಂದೆ.

"ಮಾತಾಡಿ ಅಂದ್ರು. ನಾನೇನು ಮಾತಾಡ್ಲಿ. ಕೂತಿದ್ದೆ."

ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರ್ ಚಾಲೂ ಆಗದೆ ಕೆಮ್ಮಿತು. ನಮ್ಮ ಹಿಂದಿನ ಬಾಗಿಲಿಂದ ಯಾವ ಸದ್ದೂ ಇಲ್ಲ. ಅತ್ತೆಯ ಬೆನ್ನು ನೆಟ್ಟಗಾಯಿತು. ಏಳುತ್ತಾರೆ ಅಂದುಕೊಂಡೆ. ನಾನು ಅವರ ಭುಜದ ಮೇಲೆ ಕೈಯಿಟ್ಟೆ. ಅವರೂ ಕೈ ಎತ್ತಿ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ ಹಿಡಿದರು, ನಾನು ಏಳದ ಹಾಗೆ.